ಹಿತ್ತಲಲ್ಲಿ ಗೋಳಿಸೊಪ್ಪು

ಕೂಡ್ಲಿಗಿಯಿಂದ ಕೊಟ್ಟೂರು, ಹರಪನಹಳ್ಳಿಗಳನ್ನು ಹಾದು ಹಡಗಲಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಮರಳುವ ಪ್ರಯಾಣವನ್ನು ಮುಂಗಾರಿನಲ್ಲಿ ಕೈಗೊಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕುಗಳು ಮಳೆಯ ಸಿರಿ ಕಂಡವಲ್ಲ. ಆದರೂ ನಾಲ್ಕು ಹನಿ ಬಿದ್ದೊಡನೆ ಹಳೆಯ ಮನೆಗಳ ಹಿತ್ತಲಲ್ಲಿ ಕೆಂಪು ದಂಟಿನ, ದಪ್ಪ ಎಲೆಯ ಪುಟ್ಟ ಗಿಡವೊಂದು ಚಾಪೆ ಹಾಸಿದಂತೆ ಹಬ್ಬುತ್ತದೆ. ಅದೇ ಗೋಳಿಸೊಪ್ಪು, ಕೆಲವರ ಬಾಯಲ್ಲಿ ಗೋಣಿಸೊಪ್ಪು.

ಹಡಗಲಿಯ ಮಲ್ಲಿಗೆ ಲೋಕಪ್ರಸಿದ್ಧ. ಆದರೆ ಮಲ್ಲಿಗೆಗೆ ನೀರು ಬೇಕು, ಗೊಬ್ಬರ ಬೇಕು, ಆರೈಕೆ ಬೇಕು. ಗೋಳಿ ಏನನ್ನೂ ಬೇಡದು. ನೀರು ಕಡಿಮೆಯಾದಾಗ ಇದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಗಾಳಿಯನ್ನು ಒಳಗೆಳೆದು ಹುಳಿಯ ರೂಪದಲ್ಲಿ ಕೂಡಿಡುತ್ತದೆಂದು ಸಸ್ಯಶಾಸ್ತ್ರಜ್ಞರು ತಿಳಿಸುತ್ತಾರೆ. ಅದರಿಂದಲೇ ಮುಂಜಾನೆ ಕಿತ್ತ ಸೊಪ್ಪು ಹೆಚ್ಚು ಹುಳಿ, ಸಂಜೆಯದು ಸಪ್ಪೆ. ನಮ್ಮ ಅವ್ವ ಪುಸ್ತಕ ಓದಿದವಳಲ್ಲ. ಬೇಳೆಗೆ ಮುಂಜಾನೆಯ ಸೊಪ್ಪು, ರೊಟ್ಟಿಯ ಪಲ್ಯಕ್ಕೆ ಸಂಜೆಯದು ಎನ್ನುತ್ತಾಳೆ.

ಬೆಳೆಸುವುದೆನ್ನುವಷ್ಟು ಕೆಲಸವೂ ಇಲ್ಲ. ಸಾಸಿವೆಗಿಂತ ಬಹು ಸಣ್ಣದಾದ ಕಪ್ಪು ಬೀಜವನ್ನು ಚೆಲ್ಲಿ, ಮಣ್ಣು ಮುಚ್ಚದೆ ಬಿಡಬೇಕು. ಬೆಳಕು ತಾಗಿದರೆ ಚೆನ್ನಾಗಿ ಮೊಳೆಯುತ್ತದೆ. ದಂಟಿನ ತುಂಡೂ ಬೇರೂರುತ್ತದೆ. ನೀರು ಮಾತ್ರ ನಿಲ್ಲಬಾರದು. ಇದನ್ನೇ ಹೋಲುವ ಹಾಲುಗಿಡವೊಂದುಂಟು. ದಂಟು ಮುರಿದಾಗ ಬಿಳಿಯ ಹಾಲು ಒಸರಿದರೆ ಅದು ಗೋಳಿಯಲ್ಲ, ತಿನ್ನಲಾಗದು. ಗೋಳಿಯಲ್ಲಿ ಆಕ್ಸಲೇಟ್ ಅಂಶ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ಇದನ್ನು ಬಿಡುವುದೇ ಲೇಸು.

ಹೋದ ವರ್ಷ ತಮ್ಮನ ಮದುವೆಯ ಹಂದರಕ್ಕೆಂದು ನಮ್ಮ ಹಿತ್ತಲಿಗೂ ಸಿಮೆಂಟು ಹಾಕಿಸಿದೆವು. "ಬಾವಿಕಟ್ಟೆಯ ಬದಿಗೆ ಮೂರು ಮೊಳ ಮಣ್ಣು ಬಿಡಪ್ಪಾ" ಎಂದಳು ಅವ್ವ. ಕೆಸರಾದೀತೆಂದು ನಾನು ಕೇಳಲಿಲ್ಲ. ಮಾಘದಲ್ಲಿ, ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ, ಹೇಗೂ ಗಿಡ ಒಣಗಿ ಹೋಗಿರುತ್ತದೆ. ಹಾಗಾಗಿ ಇಲ್ಲದ್ದು ನನ್ನ ಅರಿವಿಗೂ ಬರಲಿಲ್ಲ. ಈ ಮುಂಗಾರಿನಲ್ಲಿ ಅವ್ವ ಸೊಪ್ಪಿಗಾಗಿ ನೆರೆಮನೆಯ ಬಾಗಿಲಲ್ಲಿ ನಿಂತುದನ್ನು ಕಂಡೆ. ಮನಸ್ಸಿಗೆ ಚುಚ್ಚಿತು. ಮರುದಿನವೇ ಗಾರೆಯವನನ್ನು ಕರೆಸಿ ಮೂರು ಮೊಳ ಒಡೆಸಿದೆ.

ಈ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಒಂದು ಮಳೆಗೆ, ಯಾರೂ ಬಿತ್ತದೆಯೇ, ಗೋಳಿ ಎದ್ದಿತು. ಹಳದಿ ಹೂ ಬಿಡುವ ಮೊದಲೇ ಅವ್ವ ಚಿಗುರು ಚಿವುಟಿ ಬೇಳೆಗೆ ಹಾಕಿದಳು.