ಗುಡ್ಡ ಕಾಯುವ ಪೆಟ್ಟಿಗೆ

ಹಲಸಿನ ಹಪ್ಪಳದ ಚಾಪೆಯ ಪಕ್ಕ ಕೋಲು ಹಿಡಿದು ಕೂತು ಬೆಳೆದವರಿಗೆ ಕಾವಲು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಗೆ ಬಾರದ ದಿನ ನೀವು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಹಪ್ಪಳ ಹೋಯಿತೋ, ‘ನಿನ್ನ ಕಣ್ಣು ಎಲ್ಲಿ ಹೋಗಿತ್ತು?’ ಎಂದು ಮನೆಮಂದಿಯೆಲ್ಲ ಕೇಳುತ್ತಾರೆ. ಹಾಗಾಗಿ, ಬೆಂಗಳೂರಿನ ಕಂಪೆನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ರಜೆಗೆ ಬಂದವಳು, “ದೊಡ್ಡಮ್ಮ, ನಮ್ಮದು ಕಾವಲು ಕಾಯುವ ಪೆಟ್ಟಿಗೆ ಕೂರಿಸುವ ಕೆಲಸ” ಎಂದಾಗ ನನ್ನ ಕಿವಿ ನೆಟ್ಟಗಾಯಿತು.

ಪೆಟ್ಟಿಗೆ ಎಂದರೆ ಡ್ರೋನಿನ ಮನೆ. ಅವರ ಭಾಷೆಯಲ್ಲಿ ಡಾಕಿಂಗ್ ಸ್ಟೇಷನ್. ಡ್ರೋನನ್ನು ನಾವೆಲ್ಲ ಮದುವೆಮನೆಯಲ್ಲಿ ಕಂಡಿದ್ದೇವೆ. ಧಾರೆಯ ಹೊತ್ತಿಗೆ ತಲೆಯ ಮೇಲೆ ಗುಂಯ್‌ಗುಟ್ಟಿ ಪುರೋಹಿತರ ಮಂತ್ರವನ್ನು ನುಂಗಿಹಾಕುತ್ತದಲ್ಲ, ಅದೇ. ಅಲ್ಲಿ ಹುಡುಗನೊಬ್ಬ ರಿಮೋಟ್ ಹಿಡಿದು ನಿಂತಿರುತ್ತಾನೆ. ಇಲ್ಲಿ ಯಾರೂ ಇಲ್ಲ. ಹೊತ್ತಾದಾಗ ಪೆಟ್ಟಿಗೆಯ ಮುಚ್ಚಳ ತಾನಾಗಿ ತೆರೆಯುತ್ತದೆ, ಡ್ರೋನ್ ಎದ್ದು ಗೊತ್ತುಮಾಡಿದ ದಾರಿಯಲ್ಲಿ ಹಾರಿ ಚಿತ್ರ ತೆಗೆದು ಬರುತ್ತದೆ, ತಟ್ಟೆಯ ಮೇಲೆ ಅಚ್ಚು ಹಾಕಿದ ಗುರುತು ನೋಡಿಕೊಂಡು ಇಳಿಯುತ್ತದೆ. ಮುಚ್ಚಳ ಮುಚ್ಚಿ ಒಳಗೇ ಚಾರ್ಜ್. ಚಿತ್ರಗಳು ನೂರಾರು ಮೈಲಿ ಆಚೆಯ ಆಫೀಸಿಗೆ ಹೋಗುತ್ತವೆ. ಗಣಿ, ಸೌರವಿದ್ಯುತ್ ಸ್ಥಾವರ, ಕೊಳವೆ ಮಾರ್ಗ, ಹೀಗೆ ಜನ ದಿನವೂ ಹೋಗಲಾಗದ ಕಡೆಗೆ ಇದು.

ಬ್ರಹ್ಮಾವರದ ನಮ್ಮ ತವರುಮನೆಯಲ್ಲಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಚಿತ್ರ ಬರೆದು ತೋರಿಸಿದಳು. ತುಳಸಿಕಟ್ಟೆಗೆ ಜಾಗ ನೋಡುವುದಕ್ಕಿಂತ ಹೆಚ್ಚಿನ ಲೆಕ್ಕಾಚಾರ ಇದಕ್ಕೆ. ಸುತ್ತ ಆಕಾಶ ತೆರೆದಿರಬೇಕು; ತೆಂಗು, ಅಡಿಕೆ, ಕರೆಂಟಿನ ತಂತಿ ಹತ್ತಿರ ಇರಬಾರದು. ನೆರೆನೀರು ಮುಟ್ಟದಷ್ಟು ಎತ್ತರದ ಸಿಮೆಂಟ್ ಕಟ್ಟೆ ಬೇಕು. ಕರೆಂಟು ಹೋದರೆ ನಡೆಯಲು ಬ್ಯಾಟರಿ, ಇಂಟರ್ನೆಟ್, ಸಿಡಿಲಿಗೆ ಅರ್ಥಿಂಗ್, ಗಾಳಿ ಮತ್ತು ಮಳೆ ಅಳೆಯುವ ಕಂಬ. ಒಂದುವೇಳೆ ಮುಚ್ಚಳವೇ ತೆರೆಯದಿದ್ದರೆ ಇಳಿಯಲು ಪಕ್ಕದಲ್ಲೇ ಇನ್ನೊಂದು ಜಾಗ. ಕಿಟಕಿಯ ಸರಳುಗಳನ್ನೇ ತಿಂದುಹಾಕುವ ನಮ್ಮ ಉಪ್ಪುಗಾಳಿಗೆ ಚಾರ್ಜಿನ ಸಂಪರ್ಕಗಳು ಯಾವ ಲೆಕ್ಕ? ಅವನ್ನು ಮತ್ತೆ ಮತ್ತೆ ಒರೆಸಲು ಒಬ್ಬ ಮನುಷ್ಯ ಬೇಕೇ ಬೇಕಂತೆ. ಮನುಷ್ಯರಿಲ್ಲದ ಯಂತ್ರಕ್ಕೂ ಕಸಬರಿಕೆ ಹಿಡಿಯುವವರು ಬೇಕೆಂದು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು.

ಎಂಬತ್ತು ದಾಟಿದ ನನ್ನ ಅಮ್ಮ ಇದನ್ನೆಲ್ಲ ಸುಮ್ಮನೆ ಕೇಳುತ್ತಿದ್ದವರು, “ಮಳಿಗಾಲ್ದಲ್ಲಿ?” ಎಂದರು.

“ಗಾಳಿ, ಮಳೆ ಮಿತಿ ಮೀರಿದರೆ ಮುಚ್ಚಳ ತೆರೆಯುವುದಿಲ್ಲ ಅಮ್ಮಮ್ಮ.”

“ಹಾಂಗಾರೆ ಮಳಿ ಬಂದ್ರೆ ಅದೂ ಮನಿಯೊಳ್ಗೇ ಕೂಕಂಬುದಾ?”

ನಾವೆಲ್ಲ ನಕ್ಕೆವು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಗುಡ್ಡ ಜರಿಯುವುದೂ ಆಗಲೇ. ಕಾಯಬೇಕಾದ ಹೊತ್ತಿಗೇ ಕಾವಲುಗಾರ ಒಳಗೆ ಕೂತರೆ ಹೇಗೆ?

ಆ ಹೊತ್ತಿಗೆ ಹೊರಗೆ ಹೋಗುವವರನ್ನು ನಾನು ಬಲ್ಲೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಂಕಣ ರೈಲಿನ ಹಳಿ ಕಾಯುವವನು. ರೋಹಾದಿಂದ ಮಂಗಳೂರಿನವರೆಗಿನ ಈ ಮಾರ್ಗ ಪೂರ್ಣವಾಗಿ ತೆರೆದದ್ದು 1998ರ ಜನವರಿಯಲ್ಲಿ. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟ ರಜಾಕಾಲದ ವಿಶೇಷ ರೈಲು ವೈಭವವಾಡಿ ಬಳಿ ಜರಿದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ಕ್ಕೆ ಮತ್ಸ್ಯಗಂಧ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಕುಂದಾಪುರದವರಿಗೆ ಅದು ಮನೆಯ ರೈಲು; ಕರಂಜಾಡಿ ಬಳಿ ಹಳಿಯ ಮೇಲಿನ ಬಂಡೆಗೆ ಬಡಿದು ಸೇತುವೆಯಿಂದ ಕೆಳಗುರುಳಿತು. ಆ ದಿನ ನಮ್ಮ ಬೀದಿಯಲ್ಲಿ ಫೋನಿದ್ದ ಮನೆಗಳ ಮುಂದೆಲ್ಲ ಜನ.

ಈಗ ಭಟ್ಕಳ, ಉಡುಪಿಗಳಲ್ಲಿ ತಾನಾಗಿ ಬರೆದುಕೊಳ್ಳುವ ಮಳೆಮಾಪಕಗಳಿವೆ, ಶರಾವತಿ ಸೇತುವೆಯ ಮೇಲೆ ಗಾಳಿಮಾಪಕವಿದೆ, ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಜೋರಾಗಿ ಓಡಿಸಬಾರದೆಂಬ ನಿಯಮವಿದೆ. ಜೊತೆಗೆ ಮಳೆಗಾಲದುದ್ದಕ್ಕೂ 600ಕ್ಕೂ ಹೆಚ್ಚು ಜನ ಹಗಲಿರುಳು ಹಳಿಯುದ್ದಕ್ಕೆ ನಡೆಯುತ್ತಾರೆ. ನನ್ನ ಶಿಷ್ಯನ ಚೀಲದಲ್ಲಿ ಬಣ್ಣದ ಟಾರ್ಚು, ಹಳಿಯ ಮೇಲಿಟ್ಟರೆ ಚಕ್ರ ಹತ್ತುತ್ತಲೇ ಢಂ ಎಂದು ಚಾಲಕನನ್ನು ಎಚ್ಚರಿಸುವ ಪಟಾಕಿ. ಅವನ ಹೆಂಡತಿ ರಾತ್ರಿ ಎರಡಕ್ಕೊಮ್ಮೆ ಎದ್ದು ಮಳೆಯ ಸದ್ದು ಕೇಳಿ ಮಲಗುತ್ತಾಳಂತೆ.

ಅವನಿಗೆ ಪೆಟ್ಟಿಗೆಯ ವಿಷಯ ಹೇಳಿದೆ. “ಟೀಚರೆ, ಅದ್ ಬಂದ್ರೆ ನಮ್ಮನ್ನ್ ಮನಿಗ್ ಕಳ್ಸ್ತ್ರಾ?” ಎಂದ. ನಗುತ್ತಲೇ ಕೇಳಿದ, ಕಣ್ಣು ನಗಲಿಲ್ಲ. ಮನೆಗೆ ಬಂದು ಅದೇ ಪ್ರಶ್ನೆಯನ್ನು ಹುಡುಗಿಯ ಮುಂದಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ನಡೆಯುವುದು ಕೆಳಗೆ ದೊಡ್ಡಮ್ಮ. ಬಿರುಕು ಮೊದಲು ಕಾಣುವುದು ಗುಡ್ಡದ ನೆತ್ತಿಯಲ್ಲಿ” ಎಂದಳು. ಮಳೆ ಹೊಳವಾದಾಗಲೆಲ್ಲ ಒಂದೇ ದಾರಿಯಲ್ಲಿ ಹಾರಿ ತೆಗೆದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟರೆ ನಿನ್ನೆ ಇಲ್ಲದ ಸೀಳು, ವಾಲಿದ ಮರ, ಹೊಸದಾಗಿ ಒಸರುವ ನೀರು ಕಾಣುತ್ತದೆ. ಸುರಿಯುವ ರಾತ್ರಿಯಲ್ಲಿ ಮಾತ್ರ ಅವನೇ ನಡೆಯಬೇಕು.

ಈ ಮಾತು ನನಗೆ ಸರಿ ಕಂಡಿತು. ನಾನು ದಿನವೂ ಕುಂದಾಪುರದಿಂದ ಬಸ್ಸು ಹಿಡಿದು ಬೈಂದೂರಿನಾಚೆಯ ಶಾಲೆಗೆ ಹೋಗುವವಳು. ಹೆದ್ದಾರಿ ಅಗಲ ಮಾಡಲು ಒತ್ತಿನೆಣೆ ಗುಡ್ಡವನ್ನು ಕಡಿದ ಮೇಲೆ ಮಳೆಗಾಲದಲ್ಲಿ ಅಲ್ಲಿ ಮಣ್ಣು ಜರಿದದ್ದುಂಟು. ಬಸ್ಸಿನ ಕಿಟಕಿಯಿಂದ ಎಷ್ಟು ಕತ್ತು ಚಾಚಿದರೂ ನೆತ್ತಿ ಕಾಣಿಸುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯ ಸಂಸಾರವನ್ನೂ ನಿಂತ ಲಾರಿಯನ್ನೂ ಗಂಗಾವಳಿ ನದಿಗೆ ಒಯ್ದಿತು. ನಮ್ಮ ಬೈಂದೂರಿಗೂ ಒಂದು ಶಿರೂರು ಇರುವುದರಿಂದ ಅಂದು ಪುಣೆ, ಮುಂಬಯಿಗಳಿಂದ ನನಗೇ ಆರೇಳು ಫೋನು. ಮುಳುಗಿದ ಲಾರಿಯನ್ನು ಹುಡುಕಲು ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡ ಡ್ರೋನ್ ಹಾರಿಸಿತು. ಚಾಲಕ ಅರ್ಜುನ್ ಅವರ ಶವ ಸಿಕ್ಕಿದ್ದು 71 ದಿನಗಳ ಬಳಿಕ. ಮೊದಲೇ ಹಾರಿದ್ದರೆ ಅವರೆಲ್ಲ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಹುಡುಕುವುದಕ್ಕೆ ಬರುವ ಯಂತ್ರ ಕಾಯುವುದಕ್ಕೂ ಬರಲಿ ಎಂಬಾಸೆ ತಪ್ಪಲ್ಲವಲ್ಲ.

ನನಗೊಂದು ತಕರಾರಿದೆ, ಅದನ್ನೂ ಹೇಳಿದೆ. ಗುಡ್ಡದ ಬುಡದಲ್ಲಿ ಮನೆಗಳಿವೆ, ಮನೆಯ ಹಿಂದೆ ಬಾವಿಕಟ್ಟೆ, ಸೂರಿಲ್ಲದ ಬಚ್ಚಲು ಇವೆ. ಡ್ರೋನಿಗೂ ಲಕ್ಷ್ಮಣರೇಖೆ ಉಂಟಂತೆ, ನಕ್ಷೆಯಲ್ಲಿ ಗೆರೆ ಎಳೆದರೆ ದಾಟುವುದಿಲ್ಲವಂತೆ. 2021ರ ಡ್ರೋನ್ ನಿಯಮಗಳೂ ಇವೆ. ಹಾರಿಸುವವರ ಕಣ್ಣಳತೆ ಮೀರಿ ಕಳಿಸಲು ಪ್ರತ್ಯೇಕ ಅನುಮತಿ ಬೇಕು. ಇರಲಿ. ಗೆರೆ ಎಳೆಯುವ ದಿನ ಆ ಮನೆಗಳ ಹೆಂಗಸರನ್ನು ಕೂರಿಸಿಕೊಂಡು ಎಳೆಯಿರಿ ಎಂದೆ. ಅವಳು ಅದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡಳು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಶಿಷ್ಯ ಸಿಕ್ಕಿದ. ಅವನ ಕೆಲಸಕ್ಕೆ ಪೆಟ್ಟಿಗೆ ಅಡ್ಡ ಬರದು, ಅದು ನೋಡುವುದು ನೆತ್ತಿಯನ್ನು ಎಂದು ವಿವರಿಸಿದೆ. ಅವನು ಕೊಡೆ ಮಡಚುತ್ತ ಯೋಚಿಸಿ, “ಹಾಂಗಾರೆ ಆ ಫೋಟೋ ಬೆಂಗ್ಳೂರಿಗ್ ಮಾತ್ರ ಹೋಪುದ್ ಬ್ಯಾಡ ಟೀಚರೆ. ರಾತ್ರಿ ಡ್ಯೂಟಿಗ್ ಇಳೂಕ್ ಮುಂಚೆ ನಮ್ ಮೊಬೈಲಿಗೂ ಒಂದ್ ಕಳ್ಸುಕ್ ಹೇಳಿ” ಎಂದ. ಸಂಜೆ ಹುಡುಗಿಗೆ ಫೋನ್ ಮಾಡಿ ತಿಳಿಸಿದೆ. ಕಳಿಸುವುದು ಒಂದು ಗುಂಡಿ ಒತ್ತುವಷ್ಟು ಸುಲಭವಂತೆ, ಹಳಿ ಕಾಯುವವರಿಗೆ ಕಳಿಸಬಹುದೆಂದು ಒಪ್ಪಿಸುವುದೇ ಕಷ್ಟವಂತೆ. ಕೇಳಿ ನೋಡುತ್ತೇನೆ ಎಂದಿದ್ದಾಳೆ.