ಕಟ್ಟಕಡೆಯ ಹೆಸರು

ಬೇಸ್‌ಬಾಲ್ ಆಟವನ್ನು ನಾನು ಕಣ್ಣಾರೆ ಕಂಡವನಲ್ಲ. ವಾಚನಾಲಯದಲ್ಲಿ ಅದರ ವಿಷಯ ಓದಿದವನು, ಅಷ್ಟೆ. ಅಮೆರಿಕೆಯ ದೊಡ್ಡ ತಂಡಗಳು ಎಳೆಯ ಆಟಗಾರರನ್ನು ಆರಿಸಿ ಕಿರಿಯ ಲೀಗುಗಳಲ್ಲಿ ಪಳಗಿಸುತ್ತವೆ. ಇವರಲ್ಲಿ ನಾಳೆ ಮೇಲೇರುವವರು ಯಾರೆಂದು ಅಭಿಮಾನಿಗಳು ಪಟ್ಟಿ ಬರೆಯುತ್ತಾರೆ. ಎಸೆತದ ವೇಗ, ಹೊಡೆತದ ಬಲ, ವಯಸ್ಸು ಎಲ್ಲವನ್ನೂ ತೂಗಿ, ಒಂಬತ್ತನೆಯವನು ಏಳನೆಯವನಾಗಬೇಕೆಂದು ವಾಗ್ವಾದಕ್ಕೆ ನಿಲ್ಲುತ್ತಾರೆ.

ಪಟ್ಟಿಗಳು ಎಡವುವುದೂ ಉಂಟು. 1992ರಲ್ಲಿ ‘ಬೇಸ್‌ಬಾಲ್ ಅಮೆರಿಕ’ ಪತ್ರಿಕೆ ಮೊದಲ ಸ್ಥಾನ ಕೊಟ್ಟದ್ದು ಬ್ರಯನ್ ಟೇಲರನಿಗೆ. ಮರುವರ್ಷ ಹೊಡೆದಾಟವೊಂದರಲ್ಲಿ ಅವನ ಭುಜಕ್ಕೆ ಪೆಟ್ಟಾಯಿತು. ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಮೈಕ್ ಪಿಯಾಜಾನನ್ನು ಡಾಡ್ಜರ್ಸ್ ತಂಡ 1988ರಲ್ಲಿ ಆರಿಸಿದ್ದು 62ನೆಯ ಸುತ್ತಿನಲ್ಲಿ, 1,389 ಮಂದಿ ಆದ ಮೇಲೆ. ಅದೂ ಮ್ಯಾನೇಜರರಿಗೆ ಅವನ ತಂದೆಯೊಡನಿದ್ದ ಸ್ನೇಹದ ದಾಕ್ಷಿಣ್ಯಕ್ಕೆ. 1993ರಲ್ಲಿ ಅವನೇ ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರನಾದ.

ಇದನ್ನೋದಿದಾಗ ನಮ್ಮ ಕಾಲೇಜಿನ ಪ್ರವೇಶಪಟ್ಟಿ ನೆನಪಾಯಿತು. ಅದರಲ್ಲಿ ನನ್ನದು ಕಟ್ಟಕಡೆಯ ಹೆಸರು. ದಾಕ್ಷಿಣ್ಯ ತೋರುವವರು ನಮಗಾರೂ ಇರಲಿಲ್ಲ. ಅಕ್ಷರವರಿಯದ ತಂದೆಯವರು “ಹೆಸ್ರು ಐತೇನಪ್ಪ?” ಎಂದರು. ಕೊನೆಯದೆಂದು ಹೇಳಲು ನಾಚಿ ಬರಿದೆ ತಲೆಯಾಡಿಸಿದೆ. ಎಷ್ಟನೆಯದೆಂದು ಅವರು ಕೇಳಲೇ ಇಲ್ಲ. ಇಂದು ಪದವಿಯ ಹೊಸ್ತಿಲಲ್ಲಿ ನಿಂತಾಗ, ಕೇಳಬೇಕಾದುದನ್ನೇ ಅವರು ಕೇಳಿದರೆನಿಸುತ್ತದೆ. ಸ್ಥಾನಕ್ಕಾಗಿ ಅಭಿಮಾನಿಗಳು ವಾದಿಸಲಿ. ಆಡಲು ಮೈದಾನ ಸಿಕ್ಕವನಿಗೆ ಸ್ಥಾನವನ್ನು ತಿದ್ದಿಕೊಳ್ಳುವ ದಾರಿಯುಂಟು.