ಪಥ್ಯದ ಜಂಬ

ನನಗೆ ಗೌಟ್ ಇದೆ ಎಂದು ಬಾಯಿಬಿಟ್ಟು ಹೇಳಲು ವರ್ಷಗಳೇ ಹಿಡಿದವು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಮ್ಮೆ ಮೆಟ್ಟಿಲಲ್ಲಿ ಎಡವಿದೆ ಎಂದೆ, ಇನ್ನೊಮ್ಮೆ ಹೊಸ ಚಪ್ಪಲಿ ಕಚ್ಚಿತು ಎಂದೆ, ಮತ್ತೊಮ್ಮೆ ಸ್ಕೂಟರಿನ ಸ್ಟ್ಯಾಂಡ್ ಕಾಲ ಮೇಲೆ ಬಿತ್ತು ಎಂದೆ. ಬಿಪಿ, ಶುಗರ್ ಇದ್ದವರು ಈಗ ಮುಚ್ಚಿಡುವುದಿಲ್ಲ. ಟೀ ತಂದ ಹುಡುಗನಿಗೆ 'ನನ್ನದಕ್ಕೆ ಸಕ್ಕರೆ ಬೇಡಪ್ಪ' ಎನ್ನುವುದರಲ್ಲಿ ಒಂದು ಗತ್ತೂ ಇದೆ. ಕಾಲಿನ ಹೆಬ್ಬೆರಳು ಊದಿದೆ, ಯೂರಿಕ್ ಆಸಿಡ್ ಜಾಸ್ತಿಯಂತೆ ಎಂದು ಹೇಳಿ ನೋಡಿ. ಎದುರಿನವರ ತುಟಿಯಂಚಿಗೆ ನಗು ಬಂದೇ ಬರುತ್ತದೆ. 'ವಾರಕ್ಕೆ ಎಷ್ಟು ಸಲ ಸಾರ್?' ಎಂದು ಕೇಳುತ್ತಾರೆ. ಬಾಡೋ ಬಾಟಲಿಯೋ ಎಂದು ಬಿಡಿಸಿ ಹೇಳುವುದಿಲ್ಲ. ನಮ್ಮ ಮಂಡ್ಯದ ಕಡೆ ಬಿಡಿಸಿ ಹೇಳುವ ಅಗತ್ಯವೂ ಇಲ್ಲ.

ಈ ನಗು ನಿನ್ನೆ ಮೊನ್ನೆಯದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತಕ್ಕೆ, ಅಂದರೆ ಗೌಟನ್ನೇ ಹೋಲುವ ಕಾಯಿಲೆಗೆ, ಒಂದು ಇಡೀ ಅಧ್ಯಾಯವಿದೆ. ಇದು ಹೆಚ್ಚಾಗಿ ಬರುವುದು ರುಚಿರುಚಿಯಾಗಿ ಉಂಡು, ನಡೆದಾಡದೆ ಕೂತಿರುವ ಸುಕುಮಾರರಿಗೆ ಎಂದು ಅಲ್ಲೇ ತೀರ್ಪು ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲೂ ಬ್ಯಾಂಡೇಜು ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತ ದಪ್ಪ ಶ್ರೀಮಂತರ ವ್ಯಂಗ್ಯಚಿತ್ರಗಳಿಗೆ ಬರವಿರಲಿಲ್ಲ. ಜೇಮ್ಸ್ ಗಿಲ್‌ರೇ 1799ರಲ್ಲಿ ಬರೆದದ್ದು ಮಾತ್ರ ಬೇರೆ ಥರ. ಊದಿದ ಒಂದು ಪಾದ, ಅದಕ್ಕೆ ಹಲ್ಲು ಉಗುರು ಊರಿದ ಕರಿ ಪಿಶಾಚಿ, ಅಷ್ಟೇ. ಪಾದದ ಯಜಮಾನನ ಮುಖ ಅದರಲ್ಲಿಲ್ಲ, ಅವನು ಏನು ತಿಂದ, ಎಷ್ಟು ಕುಡಿದ ಎಂಬುದೂ ಇಲ್ಲ. ನನ್ನ ಮಟ್ಟಿಗೆ ಈ ರೋಗದ ಬಗ್ಗೆ ಯಾರಾದರೂ ಸತ್ಯ ಹೇಳಿದ್ದರೆ ಅದು ಆ ಚಿತ್ರ.

ನೋವನ್ನು ನಾನು ವರ್ಣಿಸಹೋಗುವುದಿಲ್ಲ. ಥಾಮಸ್ ಸಿಡೆನ್‌ಹ್ಯಾಮ್ ಎಂಬ ವೈದ್ಯ ತಾನೇ ಗೌಟಿನಿಂದ ನರಳಿ 1683ರಲ್ಲಿ ಅದನ್ನು ಬರೆದು ಮುಗಿಸಿದ್ದಾನೆ. ಚೆನ್ನಾಗಿಯೇ ಮಲಗಿದವನು ರಾತ್ರಿ ಎರಡರ ಸುಮಾರಿಗೆ ಎಚ್ಚರಾಗುತ್ತಾನೆ, ಹೊದಿಕೆ ತಗುಲಿದರೂ ತಡೆಯುವುದಿಲ್ಲ, ಕೋಣೆಯಲ್ಲಿ ಯಾರಾದರೂ ಹೆಜ್ಜೆಯಿಟ್ಟರೂ ತಡೆಯುವುದಿಲ್ಲ ಎನ್ನುತ್ತಾನೆ. ಈ ಕೊನೆಯ ಮಾತನ್ನು ಓದುವಾಗ ನನಗೆ ನಾಚಿಕೆಯಾಯಿತು. ನನ್ನ ಕೋಣೆಯಲ್ಲಿ ಹೆಜ್ಜೆಯಿಡುತ್ತಿದ್ದವಳು ನನ್ನ ಹೆಂಡತಿ. ಬಿಸಿನೀರಿನ ಚೀಲ ಹಿಡಿದು ಬರುತ್ತಿದ್ದವಳಿಗೆ 'ಅಲ್ಲೇ ನಿಲ್ಲು, ಮಂಚ ಮುಟ್ಟಬೇಡ' ಎಂದು ಕಿರುಚಿದ್ದೆ. ಅವಳು ಬಾಗಿಲಲ್ಲೇ ನಿಂತು, 'ನಾನೇನ್ ಮಾಡಿದೆ ರೀ' ಅಂದಳು. ನೋವಿನಲ್ಲಿದ್ದವನ ಸಿಟ್ಟನ್ನು ಲೋಕ ಮನ್ನಿಸುತ್ತದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕಿರುಚುತ್ತಿದ್ದೆ. ಕೆಳಗಿನ ಮನೆಯ ಮಾಲೀಕರು ಏನಾಯಿತೆಂದು ಕೇಳಲು ಬಂದಾಗ ನನ್ನ ದನಿ ಮೆತ್ತಗೆ, ಮರ್ಯಾದೆಯಿಂದಲೇ ಹೊರಟಿತು. ಅಂದಮೇಲೆ ಸಿಟ್ಟು ನೋವಿನದಷ್ಟೇ ಆಗಿರಲಿಲ್ಲ. (ಬಿಸಿನೀರಿಗಿಂತ ಬಟ್ಟೆಯಲ್ಲಿ ಸುತ್ತಿದ ಐಸು ಎಷ್ಟೋ ವಾಸಿ ಎಂದು ಆಮೇಲೆ ಗೊತ್ತಾಯಿತು.)

ಒಳಗೆ ಆಗುವುದೇನು ಎಂಬುದು ಕಬ್ಬಿನ ಸೀಮೆಯವನಾದ ನನಗೆ ಆಲೆಮನೆಯನ್ನು ನೆನೆದಾಗ ಸಲೀಸಾಗಿ ಅರ್ಥವಾಯಿತು. ಪಾಕ ಒಂದು ಹದದವರೆಗೆ ನೀರಾಗಿಯೇ ಇರುತ್ತದೆ, ಹದ ದಾಟಿತೋ ಹರಳುಗಟ್ಟುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿದರೆ ಪೂರ್ತಿ ಕರಗಿರಲಾರದು. ಮೈಯಲ್ಲಿ ತಣ್ಣಗಿರುವ ಜಾಗ ಕಾಲಿನ ತುದಿ, ಹರಳು ಮೊದಲು ಕೂರುವುದೂ ಅಲ್ಲೇ. ಹರಳು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಹುದು. ಒಂದು ರಾತ್ರಿ ಬಿಳಿ ರಕ್ತಕಣಗಳು ಅದರ ಮೇಲೆ ಬೀಳುತ್ತವೆ. ಕಾದಾಟದಲ್ಲಿ ಬೇಯುವುದು ಕೀಲು. ತಮಾಷೆಯೆಂದರೆ ಆ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಎಂದು ಬರುವುದೂ ಉಂಟು. ನನಗೆ ಹಾಗೇ ಬಂತು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಹಳ ದಿನ ಓಡಾಡಿದೆ.

ಕಾಯಿಲೆ ಖಾತ್ರಿಯಾದ ಮೇಲೆ ಶುರುವಾಯಿತು ನನ್ನ ಪಥ್ಯ. ಈ ಬರಹಕ್ಕೆ ಕಾರಣವೂ ಅದೇ.

ನಮ್ಮೂರಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಬೆಳಗಿನ ಜಾವಕ್ಕೇ ಮರಿ ಕಡಿದು, ಗುಡ್ಡೆ ಹಾಕಿ, ಪಾಲು ಹಂಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಮಸಾಲೆಯ ಘಮ. ಆ ದಿನ ನಾನು ಪಂಕ್ತಿಯ ಮಧ್ಯೆ ಕೂತು ಅನ್ನ ಮಜ್ಜಿಗೆ ಉಂಡೆ. ಒಳಗೆ ಹೋಗಿ ಒಬ್ಬನೇ ಉಣ್ಣಬಹುದಿತ್ತು. ಪಂಕ್ತಿಯಲ್ಲೇ ಕೂತದ್ದು ಎಲ್ಲರೂ ನೋಡಲಿ ಎಂದು. 'ಒಂದು ತುಂಡಾದ್ರೂ ಹಾಕ್ಕೊಳ್ಳಿ ಭಾವ' ಎಂದು ಹೆಂಡತಿಯ ತಮ್ಮ ಬಲವಂತ ಮಾಡಿದಷ್ಟೂ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಬೋಟಿ, ಲಿವರ್, ತಲೆಮಾಂಸ ಬಿಟ್ಟೆ, ಅದು ಸರಿ, ಅವು ನಿಜಕ್ಕೂ ಯೂರಿಕ್ ಆಸಿಡ್ ಏರಿಸುವಂಥವು. ಬಿಯರ್ ಬಿಟ್ಟೆ, ಅದೂ ಸರಿ. ಅಲ್ಲಿಗೆ ನಿಲ್ಲಲಿಲ್ಲ. ಯಾರೋ ಹೇಳಿದರೆಂದು ತೊಗರಿಬೇಳೆ ಬಿಟ್ಟೆ, ಇನ್ಯಾರೋ ಹೇಳಿದರೆಂದು ಪಾಲಕ್ ಬಿಟ್ಟೆ, ಟೊಮೆಟೊ ಬಿಟ್ಟೆ, ಹೆಸರುಕಾಳಿನ ಬಸ್ಸಾರನ್ನೂ ಬಿಟ್ಟೆ. ಮನೆಯಲ್ಲಿ ಎರಡೆರಡು ಅಡುಗೆ ಶುರುವಾಯಿತು. ಬಿಡಲು ಇನ್ನೇನಿದೆ ಎಂದು ಹುಡುಕುತ್ತಿದ್ದೆ. ಬಿಟ್ಟಷ್ಟೂ ನಾನು ದೊಡ್ಡವನಾಗುತ್ತಿದ್ದೇನೆ ಅನ್ನಿಸುತ್ತಿತ್ತು. 'ಬಾಯಿಕಟ್ಟಿದರೆ ಯಾವ ಕಾಯಿಲೆಯೂ ಬರಲ್ಲ' ಎಂದು ಶುಗರ್ ಇದ್ದ ಸಹೋದ್ಯೋಗಿಯೊಬ್ಬರಿಗೆ, ಅವರು ಕೇಳದೆಯೇ, ಉಪದೇಶ ಮಾಡಿದ್ದೂ ಉಂಟು.

ಯೂರಿಕ್ ಆಸಿಡ್ 9.1 ಇದ್ದದ್ದು 8.3ಕ್ಕೆ ಇಳಿಯಿತು. ಬೆರಳು ಮತ್ತೆ ಊದಿತು.

ರಿಪೋರ್ಟನ್ನು ಮೇಜಿನ ಮೇಲೆ ಹಾಕಿ, ಇಷ್ಟೆಲ್ಲ ಬಿಟ್ಟಮೇಲೂ ಹೀಗಾದರೆ ಹೇಗೆ ಎಂದು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ಅವರು ನಕ್ಕರು. 'ಸಾರ್, ನೀವು ಏನೂ ತಿನ್ನದೆ ಕೂತರೂ ನಿಮ್ಮ ಮೈ ಯೂರಿಕ್ ಆಸಿಡ್ ಮಾಡ್ತಾನೇ ಇರುತ್ತೆ' ಅಂದರು. ಅದರ ಮೂರರಲ್ಲಿ ಎರಡು ಪಾಲು ನಮ್ಮದೇ ಜೀವಕೋಶಗಳು ಸವೆದು ಆಗುವಂಥದ್ದು, ಊಟದ ಪಾಲು ಉಳಿದದ್ದು. ಎಷ್ಟೇ ಬಿಗಿಯಾಗಿ ಪಥ್ಯ ಮಾಡಿದರೂ ಸಾಮಾನ್ಯವಾಗಿ ಇಳಿಯುವುದು ಒಂದು ಮಿಲಿಗ್ರಾಂ ಆಸುಪಾಸು. ಬಹುಪಾಲು ರೋಗಿಗಳಲ್ಲಿ ತೊಂದರೆ ಇರುವುದು ಹೆಚ್ಚು ತಯಾರಾಗುವುದರಲ್ಲಲ್ಲ, ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ, ಅದು ಹೆಚ್ಚಾಗಿ ಹುಟ್ಟಿನಿಂದ ಬಂದದ್ದು. ಬೇಳೆಕಾಳು, ಸೊಪ್ಪು ತಿಂದವರಿಗೆ ಗೌಟ್ ಹೆಚ್ಚು ಎಂಬುದಕ್ಕೆ ಆಧಾರವಿಲ್ಲ, ಬಸ್ಸಾರು ಧಾರಾಳವಾಗಿ ಉಣ್ಣಿ ಎಂದರು. ಯೂರಿಕ್ ಆಸಿಡನ್ನು ಒಡೆಯುವ ಯೂರಿಕೇಸ್ ಎಂಬ ಕಿಣ್ವವನ್ನು ಮನುಷ್ಯನ ಪೂರ್ವಜರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಕಳೆದುಕೊಂಡರಂತೆ. ದನಕ್ಕೆ, ಕುರಿಗೆ, ನಾಯಿಗೆ ಅದು ಇದೆ. ಹೊಸತೊಡಕಿನಲ್ಲಿ ನಾನು ಮುಟ್ಟದೆ ಬಿಟ್ಟ ಆ ಮರಿಗೂ ಇತ್ತು.

ತಪ್ಪು ನಿಮ್ಮದಲ್ಲ ಎಂದು ಡಾಕ್ಟರೇ ಹೇಳಿದರೆ ಮನಸ್ಸು ಹಗುರಾಗಬೇಕು. ನನಗೆ ಆದದ್ದು ನಿರಾಸೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅವಮಾನ. ಬಸ್ಸಿನಲ್ಲಿ ಮನೆಗೆ ಬರುತ್ತ ಯಾಕೆ ಹೀಗೆ ಎಂದು ಯೋಚಿಸಿದೆ. ನಾನು ಪಾಠ ಮಾಡುವುದು ಲೆಕ್ಕಶಾಸ್ತ್ರ. ಖರ್ಚಿಗೊಂದು ಜಮಾ ಇರಬೇಕು ನನಗೆ. ತಿಂದೆ, ಅದಕ್ಕೇ ಬಂತು, ಬಿಟ್ಟರೆ ಹೋಗುತ್ತದೆ. ಈ ಲೆಕ್ಕದಲ್ಲಿ ನಾನು ಪಾಪಿಯಾದರೂ ಯಜಮಾನ ನಾನೇ. ಮೂತ್ರಪಿಂಡದ ಯಾವುದೋ ಸೂಕ್ಷ್ಮ ನಾಳದ ಸೋಮಾರಿತನ ಎಂದುಬಿಟ್ಟರೆ ನನ್ನ ಪಾಪವೂ ಹೋಯಿತು, ತ್ಯಾಗವೂ ಹೋಯಿತು, ಉಳಿದದ್ದು ಒಂದು ಮಾತ್ರೆ. ಯಾರ ಎದುರಿಗೂ ಬೆನ್ನು ನೆಟ್ಟಗೆ ಮಾಡಿ ನುಂಗುವಂಥದ್ದಲ್ಲ ಅದು.

ಇನ್ನೊಂದು ಮಾತು. ನಮ್ಮಪ್ಪ ಎರಡು ಎಕರೆಯ ರೈತ. ಮುದ್ದೆ, ಸೊಪ್ಪಿನ ಸಾರು, ಹಬ್ಬಕ್ಕೊಂದು ಬಾಡೂಟ. ಹೆಂಡ ಮುಟ್ಟಿದವನಲ್ಲ. ಕೊನೆಕೊನೆಗೆ ಅವನ ಮೊಣಕೈ ಮೇಲೆ, ಪಾದದ ಮೇಲೆ ಗಂಟುಗಳಿದ್ದವು, ಒಂದು ಒಡೆದು ಸೀಮೆಸುಣ್ಣದ ಹಾಗೆ ಬಿಳಿಯದು ಒಸರುತ್ತಿತ್ತು. ವಾಯು ಅಂದೆವು, ಹಳೇ ಏಟು ಅಂದೆವು. ಕಾಲಿಗೆ ಟವೆಲ್ ಸುತ್ತಿಕೊಂಡು ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದ. ಅವು ಯೂರಿಕ್ ಆಸಿಡ್ ಹರಳಿನ ಗಂಟುಗಳೇ ಇರಬೇಕೆಂದು ನನಗೆ ಈಗ ಅನ್ನಿಸುತ್ತದೆ. ತಿಂದದ್ದಕ್ಕೇ ಬರುತ್ತದೆ ಎನ್ನುವುದಾದರೆ ಅಪ್ಪ ತಿಂದದ್ದಾದರೂ ಏನು? ಪಥ್ಯದ ಆ ದಿನಗಳಲ್ಲಿ ಈ ಪ್ರಶ್ನೆ ತಲೆಗೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತಿತ್ತು, ಪಕ್ಕಕ್ಕೆ ತಳ್ಳುತ್ತಿದ್ದೆ. ನನ್ನ ತ್ಯಾಗಕ್ಕೆ ಅಪ್ಪ ಅಡ್ಡ ಬರುತ್ತಿದ್ದ.

ಮಾತ್ರೆಯ ಹೆಸರು ಅಲೋಪ್ಯೂರಿನಾಲ್. 1966ರಿಂದ ಗೌಟಿಗೆ ಬಳಕೆಯಲ್ಲಿದೆ. ಅದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ನೋವಿಗೆ ಕೊಡುವ ಮಾತ್ರೆಯಲ್ಲ ಇದು, ನೋವಿಲ್ಲದ ದಿನಗಳಲ್ಲಿ ನುಂಗಬೇಕಾದದ್ದು. ಕಷ್ಟವೆಲ್ಲ ಇರುವುದು ಇಲ್ಲೇ. ನೂರು ಮಿಲಿಗ್ರಾಂನಿಂದ ಶುರುಮಾಡಿ, ರಕ್ತ ಪರೀಕ್ಷೆ ನೋಡಿಕೊಂಡು ಏರಿಸುತ್ತಾರೆ. ಗುರಿ ಆರಕ್ಕಿಂತ ಕೆಳಗೆ, ಗಂಟು ಕಟ್ಟಿದವರಿಗೆ ಐದಕ್ಕಿಂತ ಕೆಳಗೆ. ಅಲ್ಲಿಗೆ ಇಳಿಸಿ ಇಟ್ಟುಕೊಂಡರೆ ಕೂತ ಹರಳುಗಳು ನಿಧಾನಕ್ಕೆ ಕರಗುತ್ತವೆ. ಕರಗುವಾಗ ಅಲುಗಾಡುವುದರಿಂದ ಮೊದಲ ತಿಂಗಳುಗಳಲ್ಲಿ ನೋವು ಹೆಚ್ಚೇ ಬರಬಹುದು, ಬಂದರೆ ಮಾತ್ರೆ ಬಿಡಬೇಡಿ, ಮೈಮೇಲೆ ದದ್ದು ಎದ್ದರೆ ಮಾತ್ರ ಆ ಕ್ಷಣ ನಿಲ್ಲಿಸಿ ಓಡಿಬನ್ನಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನೋವು ಬಂತು. ನನ್ನೊಳಗಿನ ಪಥ್ಯದವನು 'ನೋಡಿದೆಯಾ' ಎಂದ. ಅವನ ದನಿಯಲ್ಲಿ ಖುಷಿಯಿತ್ತು.

ಆ ತಿಂಗಳುಗಳಿಗೆ ಕಾವಲಾಗಿ ಸಣ್ಣ ಪ್ರಮಾಣದ ಕಾಲ್ಚಿಸಿನ್ ಕೊಟ್ಟಿದ್ದರು. ಶ್ರಾವಣ ಭಾದ್ರಪದದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಅರಳುವ ಗೌರಿಹೂವಿದೆಯಲ್ಲ, ಅಗ್ನಿಶಿಖೆ ಎನ್ನುತ್ತಾರೆ, ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಬೆಳೆಯುತ್ತಾರೆ. ಗೆಡ್ಡೆ ತಿಂದರೆ ಜೀವ ಹೋಗುವಂಥ ವಿಷ, ಚಿಕ್ಕಂದಿನಲ್ಲಿ ಅವ್ವ ಮುಟ್ಟಲು ಬಿಡುತ್ತಿರಲಿಲ್ಲ. ಮಾತ್ರೆಯಲ್ಲೂ ಅಳತೆ ಮೀರಿದರೆ ಅಪಾಯವೇ, ಅಳತೆಯಲ್ಲಿದ್ದರೂ ನನ್ನ ಹೊಟ್ಟೆ ಕೆಡುತ್ತಿತ್ತು. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಮಾಡುವುದನ್ನು ನೋಡಿದರೆ ಅದೇ ವಾಸಿ.

ಈಗ 300 ಮಿಲಿಗ್ರಾಂನಲ್ಲಿದ್ದೇನೆ, ಯೂರಿಕ್ ಆಸಿಡ್ 5.6. ಹೊಸತೊಡಕಿನಲ್ಲಿ ಸಾರು, ಒಂದೆರಡು ತುಂಡು ಹಾಕಿಸಿಕೊಳ್ಳುತ್ತೇನೆ. ಬೋಟಿ, ಲಿವರ್ ಬೇಡವೆನ್ನುತ್ತೇನೆ, ಬಿಯರ್ ಮುಟ್ಟುವುದಿಲ್ಲ, ಸಿಹಿ ತಂಪುಪಾನೀಯ ಬಿಟ್ಟಿದ್ದೇನೆ. ಆ ಬಾಟಲಿಯ ಸಕ್ಕರೆಯೂ ಯೂರಿಕ್ ಆಸಿಡ್ ಏರಿಸುತ್ತದೆಂದು ಗೊತ್ತಾದಾಗ, ಬಾಡು ಬಿಟ್ಟ ಜಂಬದಲ್ಲಿ ಮದುವೆ ಮನೆಗಳಲ್ಲಿ ಅದನ್ನೇ ಕುಡಿದದ್ದು ನೆನಪಾಯಿತು. ಬೇಸಿಗೆಯಲ್ಲಿ ಎರಡು ಪೀರಿಯಡ್ಡುಗಳ ನಡುವೆ ನೀರು ಕುಡಿಯುತ್ತೇನೆ. ಉಪವಾಸ ಮಾಡುವುದಿಲ್ಲ, ಅದೂ ನೋವನ್ನು ಎಬ್ಬಿಸಬಲ್ಲದು. ಅವ್ವ ಮಾತ್ರ 'ಕಾಲ್ ಸೂಪ್ ಕುಡಿ ಮಗ, ಮೂಳೆ ಗಟ್ಟಿಯಾಯ್ತದೆ' ಎನ್ನುವುದನ್ನು ಬಿಟ್ಟಿಲ್ಲ. ಹೆಂಡತಿಗೆ ಒಂದೇ ಅಡುಗೆ ಮಾಡಿದರೆ ಸಾಕಾಗಿದೆ. ಆ ರಾತ್ರಿಗಳ ಬಗ್ಗೆ ಒಮ್ಮೆ ಮಾತೆತ್ತಿದೆ. 'ನೋವಲ್ವಾ, ಬಿಡಿ' ಎಂದಳು. ಅವಳು ಅಷ್ಟು ಬೇಗ ಬಿಟ್ಟದ್ದೇ ನನಗೆ ಸರಿಹೋಗಲಿಲ್ಲ.

ಹೋದ ವರ್ಷ ನನ್ನ ತಮ್ಮ ಬೆಂಗಳೂರಿನಿಂದ ಬೆಳಗಿನ ಜಾವ ಫೋನ್ ಮಾಡಿದ. ಎಷ್ಟೋ ವರ್ಷದ ಹಿಂದೆ ಮಾಂಸ ಬಿಟ್ಟವನು, ಕುಡಿತವಂತೂ ಇಲ್ಲ, ದಿನಾ ವಾಕಿಂಗ್. ನನ್ನ ಕಾಲು ಕಂಡಾಗಲೆಲ್ಲ 'ನಾಲಿಗೆ ಅಣ್ಣ, ನಾಲಿಗೆ' ಎನ್ನುತ್ತಿದ್ದವನು. ಅವನ ಹೆಬ್ಬೆರಳು ಊದಿತ್ತು. ನನಗೆ ಸಂತೋಷವಾಯಿತು. ಮರುಕ ಬಂತು, ಬರಲಿಲ್ಲವೆಂದಲ್ಲ, ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ದೂರದಲ್ಲಿ ತಮ್ಮ ನರಳುತ್ತಿರುವಾಗ ಇಲ್ಲಿ ಹಾಸಿಗೆಯ ಮೇಲೆ ಎದ್ದು ಕೂತು ನಾನು ಕತ್ತಲಲ್ಲಿ ನಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಕಂಡದ್ದೂ ಇದೇ ನಗು.

'ಅಣ್ಣ, ನಾನು ತಿಂದಿದ್ದಾದ್ರೂ ಏನಣ್ಣ?' ಎಂದ.

'ಏನೂ ತಿಂದಿಲ್ಲ ಕಣೋ, ಅಪ್ಪನ ಕೈ ನೆನಪಿದ್ಯಾ?' ಎಂದೆ. ಅವನು ಸುಮ್ಮನಾದ. ಬಿಪಿಗೆ ಯಾವ ಮಾತ್ರೆ ತಗೊಳ್ತಿದೀಯ, ಸ್ಟ್ರಿಪ್ ಹುಡುಕಿ ಹೆಸರು ಓದು ಎಂದೆ. ಅದರಲ್ಲಿ ಹೈಡ್ರೋಕ್ಲೋರೋಥಯಾಝೈಡ್ ಇತ್ತು. ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಮಾತ್ರೆ, ಯೂರಿಕ್ ಆಸಿಡನ್ನು ಒಳಗೇ ಉಳಿಸಿಬಿಡುತ್ತದೆ. ನೀನಾಗಿ ನಿಲ್ಲಿಸಬೇಡ, ಬಿಪಿ ಏರಿಬಿಟ್ಟೀತು, ಸ್ಟ್ರಿಪ್ ಸಮೇತ ಡಾಕ್ಟರ ಹತ್ತಿರ ಹೋಗು, ಈಗ ಐಸು ಇಡು ಎಂದೆ. ಅವರ ಡಾಕ್ಟರು ಅದನ್ನು ತೆಗೆದು ಲೋಸಾರ್ಟಾನ್ ಬರೆದುಕೊಟ್ಟರಂತೆ, ಬಿಪಿಯ ಜೊತೆಗೆ ಯೂರಿಕ್ ಆಸಿಡನ್ನೂ ಒಂಚೂರು ಇಳಿಸುವಂಥದ್ದು. ತಮ್ಮನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಬೇಳೆ ಬಿಟ್ಟಿದ್ದೇನೆ, ಟೊಮೆಟೊ ಬಿಟ್ಟಿದ್ದೇನೆ ಎಂದು ವಾರಕ್ಕೊಮ್ಮೆ ಫೋನಿನಲ್ಲಿ ವರದಿ ಒಪ್ಪಿಸುತ್ತಾನೆ. ಬೇಡ ಕಣೋ ಎಂದರೂ ಕೇಳುವುದಿಲ್ಲ.